ಸುಮ್ನೆ ಹೊರಗೆ ಹೋಗುವ ಸುಖ

ಚಳಿ ಊರು ಬಿಟ್ಟು ಬಿಸಿ ಊರಿಗೆ ಮನೆ ಸಾಗಿಸುತ್ತೇವೆ ಅಂದರೆ ಜನ ಮೊದಲು ಹೊಗಳುವುದು ಬಿಸಿಲನ್ನು. ನೀಲಿ ಆಕಾಶ, ಕಡಲ ತೀರ, ತಂಪು ಕನ್ನಡಕ. ಜಾಹೀರಾತುಗಳಲ್ಲೂ ಅದೇ ಇರುತ್ತದೆ. ಆದರೆ ಹಾಗೆ ಬಂದು ನೆಲೆಸಿದವರನ್ನು ಒಂದೆರಡು ವರ್ಷ ಕಳೆದ ಮೇಲೆ ಮಾತಾಡಿಸಿ ನೋಡಿ. ಬಿಸಿಲಿನ ಸುದ್ದಿಯೇ ಬರುವುದಿಲ್ಲ. "ಆ ಬೂಟು ಹಾಕೋ ಕೆಲಸ ತಪ್ಪಿತಲ್ಲ, ಅಷ್ಟು ಸಾಕಪ್ಪ" ಅನ್ನುತ್ತಾರೆ. ನನ್ನ ಅನುಭವವೂ ಅದೇ. ಚಳಿ ಅನ್ನುವುದು ಸಂಬಳವಿಲ್ಲದ ನೌಕರಿ. ವರ್ಷಕ್ಕೆ ಐದಾರು ತಿಂಗಳು ದಿನಾ ಹಾಜರಿ ಹಾಕಬೇಕು. ಬಿಸಿ ಊರಿಗೆ ಬಂದವರಿಗೆ ಸಿಗುವ ದೊಡ್ಡ ಲಾಭ ಎಂದರೆ ಅದರಿಂದ ಬಿಡುಗಡೆ. ಬಿಸಿಲು ಮೇಲೆ ಸಿಕ್ಕ ಕೊಸರು.

ಹೊಸಿಲು ದಾಟುವ ಕೆಲಸವನ್ನೇ ನೋಡಿ. ಮೊದಲು ಮೈಗಂಟುವ ಥರ್ಮಲ್ ಒಳಉಡುಪು. ಅದರ ಮೇಲೆ ಅಂಗಿ, ಅಂಗಿಯ ಮೇಲೆ ಸ್ವೆಟರು, ಎರಡು ಜೊತೆ ಕಾಲುಚೀಲ, ಕೋಟು, ಮಫ್ಲರು, ಕಿವಿ ಮುಚ್ಚುವ ಟೋಪಿ. ಇಷ್ಟಾದ ಮೇಲೆ ಬೂಟು. ಲೇಸು ಕಟ್ಟೋಣ ಅಂತ ಬಗ್ಗಿದರೆ ಕೋಟು ಹೊಟ್ಟೆಗೆ ಒತ್ತಿ ಉಸಿರು ಕಟ್ಟುತ್ತದೆ. ಮನೆಯೊಳಗೆ ಹೀಟರ್ ಉರಿಯುತ್ತಿರುತ್ತದೆ, ಹಾಗಾಗಿ ಅಷ್ಟರಲ್ಲೇ ಬೆನ್ನು ಬೆವರಿರುತ್ತದೆ. ಕೊನೆಗೆ ಕೈಗವಸು. ಎರಡೂ ಕೈಗೆ ಹಾಕಿ ಮುಗಿಸಿದ ಮೇಲೆ ನೆನಪಾಗುತ್ತದೆ, ಬೀಗದ ಕೈ ಕೋಟಿನ ಒಳಜೇಬಿನಲ್ಲಿದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರಂತೂ ಕೇಳಲೇಬೇಡಿ. ತಲೆಯಿಂದ ಕಾಲಿನವರೆಗೆ ಎಲ್ಲ ತೊಡಿಸಿ, ಜಿಪ್ ಎಳೆದು, ಬಾಗಿಲ ಹತ್ತಿರ ನಿಲ್ಲಿಸಿದ ಕ್ಷಣಕ್ಕೆ ಮಗು "ಸೂಸು" ಅನ್ನುತ್ತದೆ. ಇದು ಚಳಿ ದೇಶದ ಎಲ್ಲ ತಂದೆತಾಯಿಗೂ ಗೊತ್ತಿರುವ ನಿಯಮ. ಪುಸ್ತಕದಲ್ಲಿ ಬರೆದಿಲ್ಲ ಅಷ್ಟೇ.

ಇಷ್ಟು ತಯಾರಿ ಬೇಕು ಅಂದಮೇಲೆ ಯಾರು ತಾನೇ ಕಾರಣವಿಲ್ಲದೆ ಹೊರಗೆ ಹೋಗುತ್ತಾರೆ? ಹೋಗಲೇಬೇಕಾ ಅಂತ ಮನಸ್ಸು ಮೊದಲು ವಿಚಾರಣೆ ಮಾಡುತ್ತದೆ. ನಾಲ್ಕು ಕೆಲಸ ಒಟ್ಟಿಗೆ ಸೇರಲಿ, ಆಮೇಲೆ ಹೋದರಾಯಿತು ಅನ್ನುತ್ತದೆ. ಬೆಚ್ಚನೆ ಊರಿನಲ್ಲಿ ಈ ವಿಚಾರಣೆಯೇ ಇಲ್ಲ. ಕಾಲಿಗೆ ಚಪ್ಪಲಿ ಸಿಕ್ಕಿಸಿದರೆ ಮುಗಿಯಿತು. ಬೀದಿ ತುದಿಯವರೆಗೆ ಹೋಗಿ ಬರಬಹುದು. ಯಾಕೆ ಹೋಗಿದ್ದಿರಿ ಅಂದರೆ ಉತ್ತರವಿಲ್ಲ, ಸುಮ್ನೆ. ದಾರಿಯಲ್ಲಿ ಯಾರಾದರೂ ಸಿಕ್ಕರೆ ನಿಂತು ಮಾತಾಡಬಹುದು. ಚಳಿ ಊರಿನಲ್ಲಿ ಗಾಳಿ ಬೀಸುವಾಗ ರಸ್ತೆಯಲ್ಲಿ ಸಿಕ್ಕವರ ಜೊತೆ ಹರಟೆ ಹೊಡೆಯೋದು ಆಗದ ಮಾತು. ಅವರ ಮೂಗು ಕೆಂಪಾಗಿರುತ್ತದೆ, ನಮ್ಮ ಕಣ್ಣಲ್ಲಿ ನೀರು ಸುರಿಯುತ್ತಿರುತ್ತದೆ. ನೋಡಿದವರು ಏನೋ ಕೆಟ್ಟ ಸುದ್ದಿ ಬಂದಿರಬೇಕು ಅಂದುಕೊಳ್ಳಬೇಕು. ಪರಿಚಯ ಬೆಳೆಯುವುದು ಇಂಥ ಕೆಲಸಕ್ಕೆ ಬಾರದ ಮಾತುಗಳಲ್ಲೇ ಅಲ್ವಾ? ಬಿಸಿ ಊರಿಗೆ ಹೊಸದಾಗಿ ಬಂದವರಿಗೆ ಬೇಗ ನಾಲ್ಕು ಜನ ಪರಿಚಯವಾಗುವುದಕ್ಕೆ ಅಲ್ಲಿನವರು ಒಳ್ಳೆಯವರು ಅನ್ನುವುದಕ್ಕಿಂತ ಇದೇ ಕಾರಣ ಅಂತ ನನ್ನ ಅನುಮಾನ.

ಕನ್ನಡಕ ಹಾಕುವವರ ಕಷ್ಟ ಬೇರೆ. ಹೊರಗಿನಿಂದ ಬೆಚ್ಚನೆ ಕೋಣೆಗೆ ಕಾಲಿಟ್ಟ ಕೂಡಲೇ ತಣ್ಣಗಾದ ಗಾಜಿನ ಮೇಲೆ ಒಳಗಿನ ಗಾಳಿಯ ತೇವ ಕೂರುತ್ತದೆ. ಎದುರಿಗಿರುವವರು ಯಾರು ಅಂತಲೇ ಕಾಣುವುದಿಲ್ಲ. ಯಾವುದೋ ಬಿಳಿ ಆಕೃತಿಗೆ ನಮಸ್ಕಾರ ಹೇಳಿ ನಿಲ್ಲಬೇಕು. ಹಾಗಂತ ಒಳಗಿನ ಗಾಳಿಯಲ್ಲಿ ತೇವ ಜಾಸ್ತಿ ಇದೆಯೇ ಎಂದರೆ ಅದೂ ಇಲ್ಲ. ಮೈನಸ್ 10 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 2 ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು. 20 ಡಿಗ್ರಿಯ ಗಾಳಿ ಸುಮಾರು 17 ಗ್ರಾಂ ಹಿಡಿಯುತ್ತದೆ. ಹೊರಗಿನ ಆ ಗಾಳಿ ಮನೆಯೊಳಗೆ ಬಂದು ಬಿಸಿಯಾದರೆ ಅದರಷ್ಟು ಬಾಯಾರಿದ ಗಾಳಿ ಇನ್ನೊಂದಿಲ್ಲ. ತುಟಿ, ಹಿಮ್ಮಡಿ, ಮೂಗಿನ ಒಳಭಾಗ, ಎಲ್ಲಿ ತೇವ ಇದ್ದರೂ ಹೀರುತ್ತದೆ. ಬಾಗಿಲ ಹಿಡಿ ಮುಟ್ಟಿದರೆ ಚಟ್ ಅಂತ ಶಾಕ್ ಹೊಡೆಯುವುದೂ ಈ ಒಣಗಾಳಿಯಿಂದಲೇ. ಚಳಿ ಊರು ಬಿಟ್ಟ ಮೇಲೆ ನನ್ನ ಮೇಜಿನ ಮೇಲಿದ್ದ ಮುಲಾಮಿನ ಡಬ್ಬಿಗಳ ಸಾಲು ತಾನಾಗಿ ಕರಗಿತು. ಕೈ ಬೆರಳ ಸಂದಿನ ಬಿರುಕುಗಳು ಯಾವಾಗ ಮುಚ್ಚಿಕೊಂಡವೋ ಗಮನಿಸಲೇ ಇಲ್ಲ.

ಮನೆ, ಕಾರು ಕಾಯುವ ಕೆಲಸವನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಪೈಪು ಹಿಗ್ಗುವುದಿಲ್ಲ. ಮುಂದಿನದು ಪ್ಲಂಬರಿಗೆ ಬಿಟ್ಟ ವಿಚಾರ. ರಸ್ತೆಯ ಹಿಮ ಕರಗಿಸಲು ಹಾಕುವ ಉಪ್ಪು ಕಾರಿನ ತಳ ತಿನ್ನುತ್ತದೆ. ಚಳಿಗಾಲಕ್ಕೆ ಬೇರೆ ಟೈರು ಹಾಕಿಸಬೇಕು, ವಸಂತಕ್ಕೆ ಬಿಚ್ಚಿಸಬೇಕು. ಬೆಳಿಗ್ಗೆ ಸಲಿಕೆ ಹಿಡಿದು ಬಾಗಿಲ ಮುಂದಿನ ಹಿಮ ಬಳಿದು, ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ರಸ್ತೆ ಬಳಿಯುವ ಯಂತ್ರ ಬಂದು, ರಸ್ತೆಯದನ್ನೆಲ್ಲ ತಂದು ನಮ್ಮ ಬಾಗಿಲಿಗೇ ಒಟ್ಟಿ ಹೋಗುತ್ತದೆ. ಯಾರನ್ನು ಬೈಯೋಣ? ಅವನೂ ಪಾಪ ಅವನ ಕೆಲಸ ಮಾಡುತ್ತಿದ್ದಾನೆ.

ಕತ್ತಲೆಯದ್ದು ಮಾತ್ರ ಹೀಗೆ ನಕ್ಕು ಬಿಡುವ ವಿಷಯ ಅಲ್ಲ. ಡಿಸೆಂಬರ್ ಕೊನೆಯಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಹಗಲು ಆರು ಗಂಟೆಗೂ ಕಮ್ಮಿ. ಇನ್ನೂ ಉತ್ತರಕ್ಕಿರುವ ನಾರ್ವೆಯ ಟ್ರೊಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಕರ್ಕಾಟಕ ವೃತ್ತಕ್ಕೂ ಸಮಭಾಜಕ ವೃತ್ತಕ್ಕೂ ನಡುವೆ ಇರುವವರಿಗೆ ವರ್ಷದ ಅತಿ ಚಿಕ್ಕ ಹಗಲೂ ಹತ್ತೂವರೆ ಗಂಟೆಗಿಂತ ಕಮ್ಮಿಯಾಗುವುದಿಲ್ಲ. ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲೇ ಮನೆಗೆ ಬರುವವನಿಗೆ ಈ ವ್ಯತ್ಯಾಸ ಚರ್ಮದಲ್ಲೂ ಗೊತ್ತಾಗುತ್ತದೆ, ಮನಸ್ಸಿನಲ್ಲೂ. ಬೋಸ್ಟನ್ನಿನಂಥ ನಗರದಲ್ಲಿ ನವೆಂಬರಿನಿಂದ ಫೆಬ್ರುವರಿವರೆಗಿನ ಬಿಸಿಲಿಗೆ ನಮ್ಮ ಚರ್ಮದಲ್ಲಿ ವಿಟಮಿನ್ ಡಿ ತಯಾರಿಸುವ ಶಕ್ತಿ ಇಲ್ಲ ಅಂತ 1988ರಲ್ಲೇ ಗೊತ್ತಾಗಿದೆ. ಇನ್ನು ಮನಸ್ಸಿನ ವಿಚಾರ. ಚಳಿಗಾಲ ಬಂತೆಂದರೆ ಕೆಲವರು ಮಂಕಾಗುತ್ತಾರೆ, ಎಷ್ಟು ನಿದ್ದೆ ಮಾಡಿದರೂ ಸಾಲದು, ಯಾವುದರಲ್ಲೂ ಆಸಕ್ತಿ ಇರುವುದಿಲ್ಲ. ಇದು ಸೋಮಾರಿತನ ಅಲ್ಲ, ಒಂದು ಬಗೆಯ ಖಿನ್ನತೆ ಅಂತ 1984ರಲ್ಲಿ ವಿವರಿಸಿದ ತಂಡದ ಮುಂದಾಳು ಮನೋವೈದ್ಯ ನಾರ್ಮನ್ ರೋಸೆಂತಾಲ್. ಅವರು ಬಿಸಿಲಿನ ಜೊಹಾನ್ಸ್‌ಬರ್ಗಿನಿಂದ ನ್ಯೂಯಾರ್ಕಿಗೆ ಬಂದವರು. ಮೊದಲ ಚಳಿಗಾಲದಲ್ಲಿ ತಮಗೇ ಹೀಗಾಗಿದ್ದನ್ನು ಗಮನಿಸಿದ್ದರು. ಬೆಳಕು ಏನು ಕೊಡುತ್ತದೆ ಅನ್ನುವುದನ್ನು ಉಲ್ಟಾ ದಾರಿ ಹಿಡಿದವರೇ ಚೆನ್ನಾಗಿ ಹೇಳಬಲ್ಲರು ಅನಿಸುತ್ತದೆ.

ಉಲ್ಟಾ ದಾರಿ ಹಿಡಿದವರಲ್ಲಿ ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್ ಕೂಡ ಒಬ್ಬ. ತಡವಾಗಿ ಏಳುವ ಅಭ್ಯಾಸದ ಮನುಷ್ಯ. ಬೆಳಗಿನ ಹೊತ್ತೆಲ್ಲ ಹಾಸಿಗೆಯಲ್ಲೇ ಯೋಚಿಸುತ್ತ ಇರುತ್ತಿದ್ದನಂತೆ. 1649ರಲ್ಲಿ ಸ್ವೀಡನ್ನಿನ ರಾಣಿ ಕ್ರಿಸ್ಟಿನಾ ಪಾಠ ಹೇಳಲು ಕರೆಸಿಕೊಂಡಳು. ಪಾಠದ ಸಮಯ ಬೆಳಿಗ್ಗೆ ಐದು ಗಂಟೆ. ಸ್ಟಾಕ್‌ಹೋಮಿನ ಜನವರಿಯಲ್ಲಿ! ಮರುವರ್ಷ ಫೆಬ್ರುವರಿಯಲ್ಲಿ ಆತ ತೀರಿಕೊಂಡ. ನ್ಯುಮೋನಿಯಾ ಅಂತ ದಾಖಲೆ. ಚಳಿಯೊಂದನ್ನೇ ದೂರಲು ಬರುವುದಿಲ್ಲ, ಆ ಐದು ಗಂಟೆಯ ಪಾಲೂ ಇದೆ ಅಂತ ನಾನು ನಂಬಿದ್ದೇನೆ.

ಒಬ್ಬನ ಕಥೆ ಬಿಡಿ. 2015ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ 13 ದೇಶಗಳ 384 ಸ್ಥಳಗಳ ಸಾವಿನ ಲೆಕ್ಕ ಬಂತು. ಒಟ್ಟು ಸಾವುಗಳಲ್ಲಿ ಚಳಿಯ ಪಾಲು ಶೇ. 7.29, ಸೆಖೆಯ ಪಾಲು ಶೇ. 0.42. ಈ ಅಂಕಿ ಹಿಡಿದುಕೊಂಡು ಬಿಸಿ ಊರಿಗೆ ಹೋದರೆ ಆಯಸ್ಸು ಗ್ಯಾರಂಟಿ ಅಂತ ಸಾರುವವರನ್ನು ನಂಬಬೇಡಿ. ಅದೇ ಲೆಕ್ಕದಲ್ಲಿ ಬೆಚ್ಚನೆ ಊರುಗಳೂ ಇವೆ. ಅಲ್ಲೂ ಸಾಧಾರಣ ಚಳಿಗೇ ಜನ ಸಾಯುತ್ತಾರೆ. ಹಾಗೇ ಮಂಡಿನೋವು ಬಿಸಿ ಊರಿನಲ್ಲಿ ಮಾಯವಾಗುತ್ತದೆ ಅನ್ನುವ ಮಾತು. ಸಂಶೋಧನೆಗಳು ಇದಕ್ಕೆ ಒಂದೇ ಉತ್ತರ ಕೊಟ್ಟಿಲ್ಲ. ಮಂಡಿ ಇರುವವರು ಮಾತ್ರ ಒಂದೇ ಉತ್ತರ ಕೊಡುತ್ತಾರೆ.

"ಅಲ್ಲಾ, ಸೆಖೆ ಆಗಲ್ವಾ?" ಚಳಿ ಊರಿನ ಹಳೇ ಸ್ನೇಹಿತರು ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ ಇದು. ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಅಮೆರಿಕದ ಫೀನಿಕ್ಸ್ ನಗರದಲ್ಲಿ 1950ರಲ್ಲಿ ಸುಮಾರು ಒಂದು ಲಕ್ಷ ಜನ ಇದ್ದರು, 2020ಕ್ಕೆ 16 ಲಕ್ಷ. ಚಳಿ ರಾಜ್ಯಗಳಿಂದ ಗಂಟುಮೂಟೆ ಕಟ್ಟಿಕೊಂಡು ಬಂದವರು ಅವರಲ್ಲಿ ಬಹಳ. 2023ರ ಬೇಸಿಗೆಯಲ್ಲಿ ಅದೇ ಊರಿನಲ್ಲಿ 31 ದಿನ ಸತತವಾಗಿ ಪಾದರಸ 43 ಡಿಗ್ರಿ ದಾಟಿತು. ಅಂಥ ದಿನ ಸುಮ್ನೆ ಹೊರಗೆ ಹೋಗಿ ಬರೋಣ ಅಂದರೆ ಆಗುವುದಿಲ್ಲ. ಬಿಸಿಲಲ್ಲಿ ದುಡಿಯುವವರಿಗೆ, ತಲೆ ಮೇಲೆ ಸೂರಿಲ್ಲದವರಿಗೆ ನಾನು ಇಲ್ಲಿ ಹೇಳುತ್ತಿರುವ ಯಾವ ಲಾಭವೂ ಅನ್ವಯಿಸುವುದಿಲ್ಲ. ಎಸಿ ಇಲ್ಲದಿದ್ದರೆ ಫೀನಿಕ್ಸ್ ಇಷ್ಟು ಬೆಳೆಯುತ್ತಲೂ ಇರಲಿಲ್ಲ. ತಮಾಷೆ ನೋಡಿ, 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಆ ಯಂತ್ರ ರೂಪಿಸಿದ್ದು ಮನುಷ್ಯರಿಗಾಗಿ ಅಲ್ಲ. ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣದ ಅಚ್ಚು ಅತ್ತಿತ್ತ ಆಗುತ್ತಿತ್ತು. ಆ ಕಾಗದದ ಸೌಖ್ಯಕ್ಕೆ ಮಾಡಿದ್ದು.

ಎಸಿಗೆ ಕರೆಂಟು ಸುಡುತ್ತೀರಲ್ಲ ಅಂತ ಬೈಯುವವರಿಗೆ ನನ್ನದೊಂದು ಲೆಕ್ಕ. ಹೊರಗೆ ಮೈನಸ್ 20 ಇದ್ದಾಗ ಮನೆಯೊಳಗೆ 20 ಬೇಕು ಅಂದರೆ 40 ಡಿಗ್ರಿ ಅಂತರವನ್ನು ಹಗಲು ರಾತ್ರಿ ಕಾಯಬೇಕು. ಹೊರಗೆ 38, ಒಳಗೆ 25 ಅಂದರೆ ಅಂತರ ಬರೀ 13. ಎಸಿ ಶಾಖವನ್ನು ಹುಟ್ಟಿಸುವುದೂ ಇಲ್ಲ, ಒಳಗಿರುವುದನ್ನು ಹೊರಗೆ ಸಾಗಿಸುತ್ತದೆ ಅಷ್ಟೇ. ಫ್ಯಾನಿನಲ್ಲೇ ಕಳೆಯುವ ದಿನಗಳೂ ಎಷ್ಟೋ. ಚಳಿಗೆ ಅಂಥ ಅಗ್ಗದ ಉಪಾಯ ಇಲ್ಲ. ಇನ್ನೊಂದು ಕಂಬಳಿ ಹೊದ್ದುಕೊಳ್ಳಬಹುದು. ಆದರೆ ಕಂಬಳಿಯೊಳಗಿಂದ ಯಾವ ಕೆಲಸ ತಾನೇ ಆಗುತ್ತದೆ?

ಮೈಯೂ ನಾವು ಅಂದುಕೊಂಡಷ್ಟು ಹಟಮಾರಿ ಅಲ್ಲ. ಒಂದೆರಡು ವಾರ ಬಿಸಿಯಲ್ಲಿ ಓಡಾಡಿಕೊಂಡಿದ್ದರೆ ಸಾಕು, ಬೆವರು ಬೇಗ ಶುರುವಾಗುತ್ತದೆ, ಜಾಸ್ತಿ ಬರುತ್ತದೆ, ಅದರಲ್ಲಿ ಉಪ್ಪು ಕಮ್ಮಿಯಾಗುತ್ತದೆ. ಎದೆಬಡಿತವೂ ಹತೋಟಿಗೆ ಬರುತ್ತದೆ. ಹೊಸಬರನ್ನು ಮೊದಲ ವಾರವೇ ಗುರುತಿಸಬಹುದು. ನಡುಮಧ್ಯಾಹ್ನ ಬೀದಿಯಲ್ಲಿ ಬಿರಬಿರನೆ ನಡೆಯುತ್ತಿರುವವರು ಅವರೇ. ಚಳಿ ಊರಿನ ನಡಿಗೆ ಅದು, ಬೆಚ್ಚಗಾಗಲು ಓಡುವ ನಡಿಗೆ. ಸ್ಥಳೀಯರು ಅದೇ ದೂರವನ್ನು ನೆರಳಿನಿಂದ ನೆರಳಿಗೆ, ಗೋಡೆ ಪಕ್ಕ, ಮರದ ಅಡಿ, ನಿಧಾನವಾಗಿ ದಾಟುತ್ತಾರೆ. ಈ ನಿಧಾನ ಕಲಿಯಲು ನನಗೆ ಬೆವರುವುದನ್ನು ಕಲಿಯುವುದಕ್ಕಿಂತ ಜಾಸ್ತಿ ಕಾಲ ಹಿಡಿಯಿತು.

ಬಟ್ಟೆ ಒಣಗುವ ವಿಚಾರ ಬಿಟ್ಟರೆ ಪಾಪ ಬರುತ್ತದೆ. ಚಳಿ ಊರಿನಲ್ಲಿ ಹೊರಗೆ ಒಣಹಾಕಿದ ಪ್ಯಾಂಟು ಸೆಟೆದು ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ. ಒಳಗೆ ಹಾಕಿದರೆ ಎರಡು ದಿನ ಮನೆಯೆಲ್ಲ ಮುಗ್ಗುಲು ವಾಸನೆ. ಇಲ್ಲಿ ತಂತಿಯ ಕೊನೆಯವರೆಗೆ ಹರವಿ ಮುಗಿಸುವಷ್ಟರಲ್ಲಿ ಮೊದಲು ಹಾಕಿದ ಕರವಸ್ತ್ರ ಗರಿಗರಿಯಾಗಿರುತ್ತದೆ. ಒಗೆದ ದಿನವೇ ಮಡಚಿ ಎತ್ತಿಡುವ ನೆಮ್ಮದಿ ದೊಡ್ಡದು. ಅದನ್ನು ಹೇಳಿದರೆ ಜನ ನಗುತ್ತಾರೆ, ಇದಕ್ಕೆ ಊರು ಬಿಟ್ಟು ಬಂದೆಯಾ ಅಂತ. ನಗಲಿ. ಅವರಿಗೆ ಹೀಟರ್ ಮೇಲೆ ಕಾಲುಚೀಲ ಸುಟ್ಟುಕೊಂಡು ಗೊತ್ತಿಲ್ಲ.

ಕಳೆದುಕೊಂಡಿದ್ದೂ ಇದೆ. ಮೊದಲ ಹಿಮ ಬಿದ್ದ ಬೆಳಿಗ್ಗೆ ಊರಿಗೆ ಊರೇ ದನಿ ತಗ್ಗಿಸಿದಂತೆ ಇರುತ್ತದೆ, ಅದು ಇಲ್ಲಿ ಸಿಗದು. ಅದಕ್ಕಿಂತ ದೊಡ್ಡ ನಷ್ಟ ಒಂದು ನೆಪ. ಹೋಗಲು ಮನಸ್ಸಿಲ್ಲದ ಸಮಾರಂಭಕ್ಕೆ "ಹಿಮ ಬೀಳ್ತಿದೆ, ರಸ್ತೆ ಸರಿ ಇಲ್ಲ" ಅಂದರೆ ಅಲ್ಲಿ ಯಾರೂ ಮರುಮಾತಾಡುತ್ತಿರಲಿಲ್ಲ. ಇಲ್ಲಿ ಹವಾಮಾನ ನಮ್ಮ ಪರ ಸುಳ್ಳು ಹೇಳುವುದಿಲ್ಲ. ಹೋಗಲೇಬೇಕು, ಕೂರಲೇಬೇಕು.

ಮತ್ತೆ ಜನವರಿಯ ನೆಂಟರು. ಬಿಸಿ ಊರಿನಲ್ಲಿ ಮನೆ ಮಾಡಿದಿರಿ ಅಂದರೆ ಚಳಿ ಊರಿನ ಪರಿಚಯದವರೆಲ್ಲ ನಿಮ್ಮನ್ನು ಥಟ್ಟನೆ ನೆನಪಿಸಿಕೊಳ್ಳುತ್ತಾರೆ. ನಿಮ್ಮನ್ನು ನೋಡಿ ಬಹಳ ದಿನ ಆಯ್ತು ಅನ್ನುತ್ತಾರೆ. ದಿನ ಬಹಳ ಆಗಿರುವುದು ಬಿಸಿಲು ನೋಡಿ. ಬಂದ ಮೊದಲ ದಿನ "ಅಯ್ಯೋ, ಈ ಸೆಖೆಯಲ್ಲಿ ಹೇಗಿರ್ತೀರಪ್ಪ" ಅಂತ ಮರುಗುತ್ತಾರೆ. ಎರಡನೇ ದಿನ ಎಸಿ ಸ್ವಲ್ಪ ಕಮ್ಮಿ ಮಾಡಿ ಅನ್ನುತ್ತಾರೆ. ಮೂರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಮನೆಯಲ್ಲಿ ಇರುವುದಿಲ್ಲ, ಎಲ್ಲಿಗೋ ನಡೆದುಕೊಂಡು ಹೋಗಿರುತ್ತಾರೆ. ವಾರ ಮುಗಿಯುವ ಹೊತ್ತಿಗೆ ಈ ಕಡೆ ಮನೆ ಬಾಡಿಗೆ ಎಷ್ಟು ಅಂತ ಮೆಲ್ಲಗೆ ವಿಚಾರಿಸಲು ಶುರು ಮಾಡುತ್ತಾರೆ. ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.