ಕೇಸಿಯ ಕುರ್ಚಿ ತೂಗುವುದಿಲ್ಲ

ಅಮೆರಿಕದ ಇಲಿನಾಯ್ ರಾಜ್ಯದ ಕೇಸಿ ಊರಿನ ಜನಸಂಖ್ಯೆ ಮೂರು ಸಾವಿರವನ್ನೂ ಮುಟ್ಟುವುದಿಲ್ಲ. ಗಿನ್ನೆಸ್ ದಾಖಲೆಗಳಿಗೆ ಮಾತ್ರ ಬರವಿಲ್ಲ. ಜಿಮ್ ಬೋಲಿನ್ ಎಂಬ ಸ್ಥಳೀಯ ಉದ್ಯಮಿ 2011ರಲ್ಲಿ ಜಗತ್ತಿನ ಅತಿ ದೊಡ್ಡ ವಿಂಡ್ ಚೈಮ್, ಅಂದರೆ ಗಾಳಿಗೆ ನಾದ ಹೊಮ್ಮಿಸುವ ಕೊಳವೆಗಳ ಗೊಂಚಲು, ನಿಲ್ಲಿಸಿದರು. ಆಮೇಲೆ ಕೈ ನಿಲ್ಲಲೇ ಇಲ್ಲ: ರಾಕಿಂಗ್ ಚೇರ್, ಗಾಲ್ಫ್ ಟೀ, ಅಂಚೆಡಬ್ಬಿ, ಎಲ್ಲವೂ ದೈತ್ಯ ಗಾತ್ರದವು. ಐ-70 ಹೆದ್ದಾರಿಯಲ್ಲಿ ಧಾವಿಸುವವರು 129ನೇ ಎಕ್ಸಿಟ್‌ನಲ್ಲಿ ಇಳಿದು, ಉಂಡು, ನಾಲ್ಕು ಕಾಸು ಬಿಚ್ಚಲಿ ಎಂಬ ಲೆಕ್ಕಾಚಾರ.

ಎಡವಟ್ಟು ಊರು ಮುಟ್ಟುವ ಮೊದಲೇ ಶುರು. ಇಂಡಿಯಾನಾಪೊಲಿಸ್ ಕಡೆಯಿಂದ ಬರುವವರು ರಾಜ್ಯದ ಗಡಿ ದಾಟಿದೊಡನೆ ಗಡಿಯಾರ ಒಂದು ಗಂಟೆ ಹಿಂದೆ ಸರಿಯುತ್ತದೆ. ಹತ್ತಕ್ಕೆ ತಲುಪಿದೆವೆಂದು ಬೀಗಿದರೆ ಅಲ್ಲಿನ್ನೂ ಒಂಬತ್ತು. ಮರಳುವಾಗ ಇಂಡಿಯಾನಾ ಆ ಗಂಟೆಯನ್ನು ವಸೂಲಿ ಮಾಡಿಯೇ ಬಿಡುತ್ತದೆ.

ರಾಕಿಂಗ್ ಚೇರ್, ಅಂದರೆ ಹಿಂದೆ ಮುಂದೆ ತೂಗುವ ಕುರ್ಚಿ, ಎತ್ತರ 56 ಅಡಿಗೂ ಮಿಗಿಲು. ದಾಖಲೆಗಾಗಿ ಅದು ತೂಗಲೇಬೇಕಿತ್ತು, ತೂಗಿ ತೋರಿಸಿದರು. ಈಗ ಅಲ್ಲಾಡದಂತೆ ಬಿಗಿದಿದ್ದಾರೆ. ನಿಜವಾದ ಪೇಚಾಟ ಫೋಟೋದ್ದು. ಊರಿಂದ ಬಂದ ಅಪ್ಪ-ಅಮ್ಮನನ್ನು ಬುಡದಲ್ಲಿ ನಿಲ್ಲಿಸಿ ಹತ್ತಿರದಿಂದ ಕ್ಲಿಕ್ಕಿಸಿದರೆ ಸಿಗುವುದು ಕುರ್ಚಿಯ ಕಾಲು. ವೈಡ್ ಲೆನ್ಸ್‌ಗೆ ಬದಲಿಸಿದರೆ ಕುರ್ಚಿ ಪೂರ್ತಿ ಬರುತ್ತದೆ, ಆದರೆ ಮೇಲ್ಭಾಗ ಕಿರಿದಾಗಿ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಫೋಟೋ ತೆಗೆಯುವವರೇ ಸಾಧ್ಯವಾದಷ್ಟು ದೂರ ಹೋಗಿ ಜೂಮ್ ಮಾಡಬೇಕು. ಅಮ್ಮ ಕೆಂಪು ಸೀರೆ ಉಟ್ಟಿದ್ದರೆ ಒಳ್ಳೆಯದು, ಬೂದು ಸ್ವೆಟರ್ ಹಾಕಿದ ಅಪ್ಪನನ್ನು ಆಮೇಲೆ ಹುಡುಕಬೇಕಾಗುತ್ತದೆ.

ವಿಂಡ್ ಚೈಮ್‌ನ ಅತಿ ಉದ್ದದ ಕೊಳವೆ 42 ಅಡಿ. ಇಷ್ಟು ಭಾರದ ಲೋಹ ತಂಗಾಳಿಗೆ ಜಗ್ಗುವುದಿಲ್ಲ. ಕತ್ತೆತ್ತಿ ಕಾಯಬೇಡಿ, ಹಗ್ಗ ಇದೆ, ಎಳೆಯಿರಿ. ಗಾಲ್ಫ್ ಟೀ (ಹೊಡೆಯುವ ಮುನ್ನ ಚೆಂಡನ್ನು ಇಡುವ ಗೂಟ) ಊರಾಚೆ ಇದೆ, ಅದಕ್ಕೆ ಕಾರೇ ಗತಿ.

ನನ್ನ ಮತ ಅಂಚೆಡಬ್ಬಿಗೆ. ಒಳಗೇ ಹತ್ತಬಹುದು, ನೋಡಲಿಕ್ಕಷ್ಟೇ ಅಲ್ಲ, ಹಾಕಿದ ಪತ್ರ ನಿಜವಾಗಿಯೂ ಹೋಗುತ್ತದೆ. ಊರಿನ ಅಜ್ಜಿಗೆ ಕಾರ್ಡು ಹಾಕುವ ಉಮೇದಿನಲ್ಲಿ ಎಲ್ಲರೂ ಮುಗ್ಗರಿಸುವುದು ಇಲ್ಲೇ: ಪರ್ಸಿನಲ್ಲಿರುವ ಮಾಮೂಲಿ ಫಾರೆವರ್ ಸ್ಟ್ಯಾಂಪ್ (ದರ ಏರಿದರೂ ನಡೆಯುವ ಅಂಚೆಚೀಟಿ) ಅಮೆರಿಕದೊಳಗಿನ ದರದ್ದು. ಭಾರತಕ್ಕೆ ಬೇಕಾದದ್ದು ದುಂಡಗಿರುವ ಗ್ಲೋಬಲ್ ಫಾರೆವರ್. ಅದನ್ನು ಹೊರಡುವ ಮೊದಲೇ ಕೊಂಡಿಟ್ಟುಕೊಳ್ಳಿ. ಪಿನ್‌ಕೋಡ್ ಬರೆದು, ಕೊನೆಯ ಸಾಲಿನಲ್ಲಿ ದೇಶದ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಹಾಕಿ. ನಿಮ್ಮ ವಿಳಾಸವೂ ಇರಲಿ. ಸ್ಟ್ಯಾಂಪ್ ಸಾಲದೆ ಹೋದರೆ ಕಾರ್ಡು ನಿಮ್ಮ ಮನೆಗಾದರೂ ಬಂದೀತು.