ತುಂಬುವ ಮೊದಲು ಒಂದು ಬಕೆಟ್ ನೀರು

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದಾಗ ಅಣ್ಣನ ಹೋಂಸ್ಟೇ ರಿಜಿಸ್ಟರಿನಲ್ಲಿ ಒಂದು ಸಾಲು ಓದಿದೆ. "ಜಾಗ ಚೆನ್ನಾಗಿದೆ, ಊಟ ಚೆನ್ನಾಗಿದೆ, ಟಬ್ಬಿನ ನೀರು ಮಾತ್ರ ಕೊಳಕು." ಬೆಂಗಳೂರಿನಿಂದ ಬಂದಿದ್ದ ಒಂದು ಕುಟುಂಬ ಬರೆದಿಟ್ಟು ಹೋಗಿತ್ತು.

ಆ ಕೊನೆಯ ಮಾತು ಚುಚ್ಚಿತು. ನಾವು ಕಾವೇರಿ ಹುಟ್ಟುವ ಜಿಲ್ಲೆಯವರು. ಬೆಂಗಳೂರಿನ ನಲ್ಲಿಯಲ್ಲಿ ಬರುವುದೂ ಅದೇ ಕಾವೇರಿ. ಸುಂಟಿಕೊಪ್ಪದ ಹತ್ತಿರದ ನಮ್ಮ ತೋಟದಲ್ಲಿ ಬೇಸಗೆಯಲ್ಲೂ ಬತ್ತದ ಬಾವಿ ಇದೆ. ಆ ಬಾವಿಯ ನೀರು ಕುಡಿದು ಬೆಳೆದವನು ನಾನು. ನಮ್ಮ ನೀರನ್ನು ಕೊಳಕು ಅಂದರಲ್ಲ ಅಂತ ಆ ರಾತ್ರಿ ತುಂಬ ಹೊತ್ತು ನಿದ್ದೆ ಬರಲಿಲ್ಲ.

ಬೆಳಿಗ್ಗೆ ಎದ್ದು ಹೋಗಿ ಟಬ್ ನೋಡಿದೆ. ಬಿಳಿ ಅಕ್ರಿಲಿಕ್ಕಿನ ದೊಡ್ಡ ಹಾಟ್ ಟಬ್, ಅಂದರೆ ಬಿಸಿನೀರಿನಲ್ಲಿ ಕೂರುವ ತೊಟ್ಟಿ. ಸಾವಿರದ ಐನೂರು ಲೀಟರ್ ನೀರು ಹಿಡಿಯುತ್ತದೆ. ಕಾಫಿ ಗಿಡಗಳ ಕಡೆ ಮುಖ ಮಾಡಿ ಅಣ್ಣ ಬಹಳ ಆಸೆಯಿಂದ ಇಡಿಸಿದ್ದ. ನೀರು ಹಾಲು ಹಾಕದ ಟೀ ಬಣ್ಣಕ್ಕೆ ತಿರುಗಿತ್ತು. ಅಂಚಿನಲ್ಲಿ ಕಂದು ಗೆರೆ. ಒಣಗಲು ಹಾಕಿದ್ದ ಬಿಳಿ ಟವೆಲ್ಲುಗಳಲ್ಲೂ ಅದೇ ಕಲೆ.

"ತುಂಬುವಾಗ ಕನ್ನಡಿ ಹಾಗೆ ಇತ್ತು ಮಾರಾಯ," ಅಂದ ಅಣ್ಣ. "ಕ್ಲೋರಿನ್ ಹಾಕಿದೆವು. ಅರ್ಧ ಗಂಟೆಯಲ್ಲಿ ಹೀಗಾಯ್ತು. ಕ್ಲೋರಿನ್ನೇ ಸರಿ ಇಲ್ಲ ಕಾಣ್ತದೆ."

"ನೀರು ಯಾವುದಣ್ಣ?"

"ಬೋರ್‌ವೆಲ್‌ದು. ಮತ್ತೆ ಇನ್ಯಾವುದು?"

ಕ್ಲೋರಿನ್ ಸರಿಯಾಗಿಯೇ ಇತ್ತು. ಕ್ಲೋರಿನ್ ಮಾಡಬೇಕಾದ ಕೆಲಸವನ್ನೇ ಅದು ಮಾಡಿತ್ತು. ಆಳದಲ್ಲಿ ಗಾಳಿ ತಾಗದೆ ಇರುವ ನೀರಿನಲ್ಲಿ ಕಬ್ಬಿಣ ಕರಗಿ ಕೂತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಗಾಳಿ ತಾಗಿದರೆ ನಿಧಾನಕ್ಕೆ, ಕ್ಲೋರಿನ್ ತಾಗಿದರೆ ಕೂಡಲೇ ಅದು ತುಕ್ಕಾಗಿ ಹೊರಗೆ ಬರುತ್ತದೆ. ಲೀಟರಿಗೆ 0.3 ಮಿಲಿಗ್ರಾಂ ಕಬ್ಬಿಣ ದಾಟಿದರೆ ಸಾಕು, ಬಟ್ಟೆಗೂ ಪಾತ್ರೆಗೂ ಕಲೆ ಹಿಡಿಯುತ್ತದೆ. ಮ್ಯಾಂಗನೀಸ್ ಇದ್ದರೆ ಕಲೆ ಕಪ್ಪಗಿರುತ್ತದೆ. ನಮ್ಮ ಮನೆಯಲ್ಲಿ ಇದು ಯಾರಿಗೂ ಹೊಸದಲ್ಲ. ಬೋರ್‌ವೆಲ್ ನೀರಿನಲ್ಲಿ ಒಗೆದರೆ ಪಂಚೆ ಹಳದಿಯಾಗುತ್ತದೆ ಅಂತ ಅವ್ವ ವರ್ಷಗಳಿಂದ ಹೇಳುತ್ತಿದ್ದಾರೆ. ಕಮೋಡಿನ ಒಳಗಿನ ಕಂದು ಗೆರೆಯನ್ನು ಅತ್ತಿಗೆ ವಾರವಾರ ಉಜ್ಜುತ್ತಾರೆ. ಎಲ್ಲ ಗೊತ್ತಿದ್ದೂ ಅದೇ ನೀರನ್ನು ಇಷ್ಟು ದುಬಾರಿ ಟಬ್ಬಿಗೆ ತುಂಬಿದ್ದರು. ಇಡಲು ಬಂದವರೂ ಒಂದು ಮಾತು ಕೇಳಿರಲಿಲ್ಲ. ಪೈಪ್ ಜೋಡಿಸಿ, ಸ್ವಿಚ್ ತೋರಿಸಿ, ದುಡ್ಡು ತೆಗೆದುಕೊಂಡು ಹೋಗಿದ್ದರು.

ನನ್ನ ದೂರು ಇಲ್ಲೇ ಶುರುವಾಗುತ್ತದೆ. ನಾನು ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ಇದ್ದೇನೆ. ಅಲ್ಲಿನ ನೀರು ಹೆಚ್ಚಾಗಿ ಬರುವುದು ಎಡ್ವರ್ಡ್ಸ್ ಅನ್ನುವ ಸುಣ್ಣಕಲ್ಲಿನ ಅಂತರ್ಜಲ ಪದರದಿಂದ. ತುಂಬ ಗಡಸು ನೀರು, ಅಂದರೆ ಸುಣ್ಣ ಜಾಸ್ತಿ ಕರಗಿರುವ ನೀರು. ಕೆಟಲ್ ತಳದಲ್ಲಿ, ನಲ್ಲಿ ಬಾಯಲ್ಲಿ, ಎಲ್ಲೆಲ್ಲೂ ಬಿಳಿ ಹಕ್ಕಳೆ. ನಾವು ಮನೆ ಕೊಂಡಾಗ ಹಿತ್ತಲಿನ ಹಾಟ್ ಟಬ್ಬೂ ಜೊತೆಗೇ ಬಂತು. ನಾನೂ ಅಣ್ಣನ ಹಾಗೆಯೇ ಮಾಡಿದ್ದೆ. ಪೈಪ್ ಇಟ್ಟೆ, ತುಂಬಿಸಿದೆ, ಕ್ಲೋರಿನ್ ಹಾಕಿದೆ. ಕೆಲವು ತಿಂಗಳಲ್ಲಿ ಹೀಟರ್ ನಿಂತಿತು. ರಿಪೇರಿಯವನು ಬಿಚ್ಚಿ ತೋರಿಸಿದ. ಕಾಯಿಲ್ ಪೂರ್ತಿ ಸುಣ್ಣ ಮೆತ್ತಿಕೊಂಡಿತ್ತು.

ಬೇಲಿಯ ಆಚೆ ನಿಂತು ನೋಡುತ್ತಿದ್ದ ಪಕ್ಕದ ಮನೆಯ ಅಜ್ಜ ಒಂದೇ ಪ್ರಶ್ನೆ ಕೇಳಿದರು. "ತುಂಬುವ ಮೊದಲು ನೀರಿನಲ್ಲಿ ಏನಿದೆ ಅಂತ ನೋಡಿದ್ದೆಯಾ?" ಆಮೇಲೆ ಒಳಗೆ ಹೋಗಿ ಒಂದು ಖಾಲಿ ಬಾಟಲಿ ತಂದು, ನಲ್ಲಿ ನೀರು ಹಿಡಿದು, ನನ್ನನ್ನು ಈಜುಕೊಳದ ಸಾಮಾನು ಮಾರುವ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಹುಡುಗಿಯೊಬ್ಬಳು ನೀರು ಪರೀಕ್ಷೆ ಮಾಡಿ ಒಂದು ಚೀಟಿ ಕೊಟ್ಟಳು. ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ) ಎಷ್ಟು, ಗಡಸುತನ ಎಷ್ಟು, ಕಬ್ಬಿಣ ಎಷ್ಟು, ತಾಮ್ರ ಎಷ್ಟು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ.

ಬಾಟಲಿಯಲ್ಲಿ ನೀರು ಹಿಡಿದುಕೊಂಡು ಹೋಗುವುದು ನನಗೆ ಗೊತ್ತಿದ್ದದ್ದು ತುಲಾ ಸಂಕ್ರಮಣದಲ್ಲಿ ಮಾತ್ರ. ತಲಕಾವೇರಿಯಿಂದ ಅವ್ವ ತಂದ ತೀರ್ಥ ವರ್ಷವಿಡೀ ದೇವರ ಕೋಣೆಯಲ್ಲಿ ಇರುತ್ತದೆ. ಆ ದಿನ ಕಾರಿನಲ್ಲಿ ತೊಡೆಯ ಮೇಲೆ ಬಾಟಲಿ ಇಟ್ಟುಕೊಂಡು ಕೂತಾಗ ಅದೇ ನೆನಪಾಯಿತು. ನೀರಿಗೆ ಕೈಮುಗಿಯುವುದು ನಮಗೆ ಬರುತ್ತದೆ. ನಿನ್ನೊಳಗೆ ಏನಿದೆ ಅಂತ ಕೇಳುವುದು ಯಾಕೆ ಬರಲಿಲ್ಲ?

ಆ ಚೀಟಿಯಿಂದ ನಾನು ಕಲಿತದ್ದು ಬಹಳ. ಹಾಟ್ ಟಬ್ಬಿನ ನೀರು ನಲವತ್ತು ಡಿಗ್ರಿವರೆಗೆ ಕಾಯುತ್ತದೆ. ನೀರು ಬಿಸಿಯಾದಷ್ಟೂ ಸುಣ್ಣ ಕರಗಿರಲು ಒಪ್ಪುವುದಿಲ್ಲ. ಎಲ್ಲಕ್ಕಿಂತ ಬಿಸಿಯಾದ ಜಾಗ ಹೀಟರ್. ಅಲ್ಲಿಗೇ ಹೋಗಿ ಅಂಟುತ್ತದೆ. ಗುಳ್ಳೆ ಎಬ್ಬಿಸುವ ಜೆಟ್‌ಗಳು ನೀರಿನಿಂದ ಇಂಗಾಲದ ಡೈಆಕ್ಸೈಡ್ ಓಡಿಸುತ್ತವೆ. ಅದರಿಂದ ಪಿಎಚ್ ಮೇಲೇರುತ್ತದೆ, ಸುಣ್ಣ ಇನ್ನೂ ಬೇಗ ಕಟ್ಟುತ್ತದೆ. ಜೊತೆಗೆ ದಿನಾ ಸ್ವಲ್ಪ ಸ್ವಲ್ಪ ನೀರು ಆವಿಯಾಗುತ್ತದೆ. ಹೋಗುವುದು ನೀರು ಮಾತ್ರ, ಸುಣ್ಣ ಅಲ್ಲೇ ಉಳಿಯುತ್ತದೆ. ಕಮ್ಮಿಯಾದ ನೀರು ತುಂಬಿಸಿದಾಗ ಇನ್ನಷ್ಟು ಸುಣ್ಣ ಸೇರುತ್ತದೆ. ಒಲೆಯ ಮೇಲೆ ಮರೆತುಬಿಟ್ಟ ಸಾರು ಬತ್ತುತ್ತಾ ಉಪ್ಪಾಗುವುದಿಲ್ಲವಾ, ಹಾಗೆಯೇ. ಅದಕ್ಕೇ ಮೂರು ನಾಲ್ಕು ತಿಂಗಳಿಗೊಮ್ಮೆ ಪೂರ್ತಿ ಖಾಲಿ ಮಾಡಿ ಹೊಸ ನೀರು ತುಂಬುವುದು.

ಈಗ ನಾನು ತುಂಬುವಾಗ ಪೈಪಿನ ತುದಿಗೆ ಒಂದು ಫಿಲ್ಟರ್ ಸಿಕ್ಕಿಸುತ್ತೇನೆ. ತುಂಬಿದ ಕೂಡಲೇ ಸೀಕ್ವೆಸ್ಟರಂಟ್ ಅನ್ನುವ ದ್ರಾವಣ ಹಾಕುತ್ತೇನೆ. ಅದು ಕರಗಿರುವ ಲೋಹವನ್ನು, ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಲೆಯಾಗಿ ಕೂರಲು ಬಿಡುವುದಿಲ್ಲ. ಒಂದು ದಿನ ಪಂಪ್ ಓಡಿಸಿ, ಫಿಲ್ಟರ್ ತೊಳೆದು, ಆಮೇಲೆ ಕ್ಲೋರಿನ್. ಈ ಕ್ರಮ ತಪ್ಪಿದರೆ ಕೆಟ್ಟಿತು. ಕ್ಲೋರಿನ್ ಆ ದ್ರಾವಣವನ್ನೂ ನಿಧಾನಕ್ಕೆ ಒಡೆಯುತ್ತದೆ, ಹಾಗಾಗಿ ವಾರಕ್ಕೊಮ್ಮೆ ಸ್ವಲ್ಪ ಸೇರಿಸಬೇಕು. ಪಿಎಚ್ 7.2ರಿಂದ 7.8ರ ಒಳಗೆ ಇರಬೇಕು. ಗಡಸುತನ ಲೀಟರಿಗೆ 150ರಿಂದ 250 ಮಿಲಿಗ್ರಾಂ ಇದ್ದರೆ ಒಳ್ಳೆಯದು. ನಮ್ಮ ನಲ್ಲಿಯದು ಅದನ್ನು ದಾಟುತ್ತದೆ.

ಮತ್ತೆ ಊರಿಗೆ ಬರುತ್ತೇನೆ. ಕಂದು ನೀರಿನ ಸುತ್ತ ನಾವೆಲ್ಲ ನಿಂತಿದ್ದಾಗ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಬಂದರು. ಮೂವತ್ತು ವರ್ಷದಿಂದ ಇರುವವರು, ನಮಗೆಲ್ಲ ಹಿರಿಯರು. "ಒಂಚೂರು ಮೈಲುತುತ್ತ ಹಾಕಿದ್ರೆ ತಿಳಿಯಾಗ್ತದೆ. ಕೆರೆ ಪಾಚಿಗೆ ಹಾಕ್ತೇವಲ್ಲ," ಅಂದರು. ನಾನು ಗಾಬರಿಯಾಗಿ ಬೇಡವೇ ಬೇಡ ಅಂದೆ. ಮೈಲುತುತ್ತ ಅಂದರೆ ತಾಮ್ರ. ಆಗಲೇ ಕಬ್ಬಿಣ ಇರುವ ನೀರಿಗೆ ಇನ್ನೊಂದು ಲೋಹ ಸೇರಿಸಿದಂತೆ. ನೀರು ಹಸಿರಾಗುತ್ತದೆ, ಟಬ್ಬಿಗೆ ನೀಲಿ ಹಸಿರು ಕಲೆ ಕೂರುತ್ತದೆ. ಪಕ್ಕದ ಮನೆಯ ಅಜ್ಜನ ಮೊಮ್ಮಗಳ ಹೊಂಬಣ್ಣದ ಕೂದಲು ಒಂದು ಬೇಸಗೆ ಹಸಿರಾಗಿತ್ತು. ಎಲ್ಲರೂ ಕ್ಲೋರಿನ್ ಕಾರಣ ಅಂದರು. ಕಾರಣ ಈಜುಕೊಳಕ್ಕೆ ಹಾಕಿದ್ದ ಪಾಚಿ ಔಷಧಿಯ ತಾಮ್ರ.

ನಾನು ಮಾಡಿದ್ದು ಬಹಳ ಸಣ್ಣ ಕೆಲಸ. ಎರಡು ಬಿಳಿ ಬಕೆಟ್ ತರಿಸಿದೆ. ಒಂದಕ್ಕೆ ಬೋರ್‌ವೆಲ್ ನೀರು, ಇನ್ನೊಂದಕ್ಕೆ ಬಾವಿ ನೀರು. ಎರಡಕ್ಕೂ ಚಿಟಿಕೆ ಕ್ಲೋರಿನ್. ಕಾಫಿ ಕುಡಿದು ಬರುವಷ್ಟರಲ್ಲಿ ಮೊದಲನೆಯದು ಟೀ ಆಗಿತ್ತು. ಬಾವಿಯದು ಹಾಗೇ ಇತ್ತು, ತಳ ಕಾಣುತ್ತಿತ್ತು. ಅಂಚಿನ ಕಂದು ಗೆರೆಯ ಮೇಲೆ ಒಂದು ವಿಟಮಿನ್ ಸಿ ಮಾತ್ರೆ ಒತ್ತಿ ಹಿಡಿದೆ. ಅಷ್ಟು ಜಾಗ ಬೆಳ್ಳಗಾಯಿತು. ಕಬ್ಬಿಣದ ಕಲೆ ಅನ್ನುವುದಕ್ಕೆ ಅದೇ ಗುರುತು. ಅಣ್ಣ ಸುಮ್ನೆ ನೋಡುತ್ತಾ ನಿಂತಿದ್ದ.

ಟಬ್ ಖಾಲಿ ಮಾಡಿ, ಒರೆಸಿ, ಬಾವಿ ನೀರು ತುಂಬಿದೆವು. ನಾನು ತಂದಿದ್ದ ಟೆಸ್ಟ್ ಸ್ಟ್ರಿಪ್ ಅದ್ದಿದರೆ ಗಡಸುತನದ ಚೌಕ ಬಣ್ಣವನ್ನೇ ತೋರಿಸಲಿಲ್ಲ. ಅಷ್ಟು ಮೆದು ನೀರು. ಪಿಎಚ್ಚೂ ಕೆಳಗಿತ್ತು. ಇದೂ ಒಂದು ತೊಂದರೆಯೇ. ಸುಣ್ಣ ಸಿಗದ ನೀರು ಹೀಟರಿನ ಲೋಹವನ್ನು ತಿನ್ನಲು ಶುರುಮಾಡುತ್ತದೆ, ನೊರೆಯೂ ಜಾಸ್ತಿ. ಪಿಎಚ್ ಏರಿಸಲು ಸೋಡಾ ಪುಡಿ, ಗಡಸುತನಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ತರಿಸಬೇಕಾಯಿತು. ಅಲ್ಲಿ ನಾನು ಸುಣ್ಣ ಕಮ್ಮಿ ಮಾಡಲು ದುಡ್ಡು ಕೊಡುತ್ತೇನೆ. ಇಲ್ಲಿ ಸುಣ್ಣ ಸೇರಿಸಲು ದುಡ್ಡು. ಒಂದು ಊರಿನ ಲೆಕ್ಕ ಇನ್ನೊಂದು ಊರಿಗೆ ಬರುವುದಿಲ್ಲ. ಬಾಟಲಿ ಹಿಡಿದುಕೊಂಡು ಹೋಗಿ ಕೇಳುವ ಅಭ್ಯಾಸ ಮಾತ್ರ ಎರಡೂ ಕಡೆ ಬೇಕು. ಅದು ನಮ್ಮಲ್ಲಿ ಇಲ್ಲ ಅನ್ನುವುದೇ ನನ್ನ ಸಿಟ್ಟು. ಎಷ್ಟೊಂದು ಹೋಂಸ್ಟೇಗಳು ಟಬ್ ಇಡುತ್ತಿವೆ, ಕೊಳ ಕಟ್ಟಿಸುತ್ತಿವೆ. ಟೈಲ್ಸ್ ಬಣ್ಣ ಆರಿಸಲು ಮೈಸೂರಿಗೆ ನಾಲ್ಕು ಸಲ ಹೋಗುತ್ತಾರೆ. ನೀರು ಆರಿಸಲು ಒಂದು ಬಕೆಟ್ ಇಡುವುದಿಲ್ಲ.

ಇದನ್ನು ಊಟಕ್ಕೆ ಕೂತಾಗ ಸ್ವಲ್ಪ ಜೋರಾಗಿಯೇ ಹೇಳಿದೆ. ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. ಮಾತಾಡಿದ್ದು ಅವ್ವ. "ಹಂಡೆ ನೀರಿಗೆ ಯಾರು ಏನು ಕೇಳಬೇಕಿತ್ತು ಮಗಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪ ಇದ್ದಾಗ ಬೆಳಿಗ್ಗೆ ಐದಕ್ಕೆ ಬಚ್ಚಲೊಲೆಗೆ ಕಾಫಿ ಕಟ್ಟಿಗೆ ಬೀಳುತ್ತಿತ್ತು. ಹೊರಗೆ ಮಳೆ, ಒಳಗೆ ಹೊಗೆ, ಮೈಮೇಲೆ ಸುಡುಸುಡು ನೀರು. ಸುರಿದ ನೀರು ಮೋರಿಯಲ್ಲಿ ಹರಿದು ಬಾಳೆಬುಡಕ್ಕೆ, ಕೆಸುವಿನ ಗಿಡಕ್ಕೆ ಹೋಗುತ್ತಿತ್ತು. ನಾಳೆಗೆ ಹೊಸ ನೀರು. ಮೂರು ತಿಂಗಳು ಒಂದೇ ನೀರಿನಲ್ಲಿ ಕೂರುವವರಿಗೆ ಬೇಕಾದ ಲೆಕ್ಕ ಅಲ್ಲಿ ಬೇಕಾಗಿಯೇ ಇರಲಿಲ್ಲ. ತಾಮ್ರದ ಹಂಡೆಗೆ ಹುಣಸೆಹಣ್ಣು ಹಾಕಿ ಉಜ್ಜಿದರೆ ಮುಗಿಯಿತು. ಇನ್ನೂ ಒಂದು ಮಾತು ಒಪ್ಪಿಕೊಳ್ಳಬೇಕು. ಬರಗಾಲದಲ್ಲಿ ಹುಲ್ಲಿಗೆ ಇಷ್ಟ ಬಂದಾಗ ನೀರು ಬಿಡಬೇಡಿ ಅಂತ ಕಟ್ಟುನಿಟ್ಟು ಮಾಡುವ ಊರಿನಲ್ಲಿ, ನಾನು ವರ್ಷಕ್ಕೆ ಮೂರು ನಾಲ್ಕು ಸಲ ಸಾವಿರಾರು ಲೀಟರ್ ನೀರನ್ನು ಚರಂಡಿಗೆ ಬಿಡುತ್ತೇನೆ. ಅಪ್ಪ ನೋಡಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರು.

ಮರುದಿನ ರೈಟರ್ ನನ್ನನ್ನು ಗೋದಾಮಿನ ಹತ್ತಿರ ಕರೆದರು. ಕಾಫಿ ಗಿಡದ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವ ಡ್ರಮ್ ತೋರಿಸಿದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಗಿಡಕ್ಕೆ ಹೊಡೆಯುವ ಮೊದಲು ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಬೇಕು. ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು, ಎಲೆ ಸುಡುತ್ತದೆ. ಇನ್ನಷ್ಟು ಸುಣ್ಣ ಹಾಕಿ ಮತ್ತೆ ಅದ್ದಬೇಕು. "ನೋಡದೆ ಒಂದು ಡ್ರಮ್ಮೂ ಹೊರಗೆ ಬಿಟ್ಟವನಲ್ಲ ನಾನು," ಅಂದರು. ಅವರ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಚಿಕ್ಕವನಿದ್ದಾಗ ಆ ಚಾಕುವನ್ನು ನಾನೇ ಅಡುಗೆಮನೆಯಿಂದ ತಂದು ಕೊಡುತ್ತಿದ್ದೆ. ಅಂಗಡಿಯ ಚೀಟಿಯನ್ನು ದೊಡ್ಡ ವಿದ್ಯೆ ಅಂದುಕೊಂಡಿದ್ದ ನನಗೆ, ಅದೇ ಪರೀಕ್ಷೆ ನಮ್ಮ ಗೋದಾಮಿನಲ್ಲಿ ಇತ್ತು ಅನ್ನುವುದು ಮರೆತೇ ಹೋಗಿತ್ತು. ಆದರೂ ಕಾಫಿ ಎಲೆಗೆ ತೋರಿಸಿದ ಅಷ್ಟು ಎಚ್ಚರವನ್ನು ಟಬ್ಬಿಗೂ ತೋರಿಸಬಹುದಿತ್ತು ಅಂತ ಈಗಲೂ ಅನಿಸುತ್ತದೆ.

ಏಪ್ರಿಲ್‌ನಲ್ಲಿ ಅಣ್ಣ ಫೋನ್ ಮಾಡಿದ. ಕಾಫಿ ಹೂ ಅರಳಿಸುವ ಹೂಮಳೆ ಸರಿಯಾಗಿ ಬಂದಿಲ್ಲ, ಬಾವಿ ಇಳಿದಿದೆ, ಕುಡಿಯಲಿಕ್ಕೆ ಮಾತ್ರ ಇಟ್ಟಿದ್ದೇವೆ ಅಂದ. ಟಬ್ಬಿಗೆ ಬೋರ್‌ವೆಲ್ ನೀರೇ ಗತಿ. ಫೋನಿನಲ್ಲೇ ನಾವಿಬ್ಬರೂ ಯೋಚನೆ ಮಾಡಿದೆವು. ತುಕ್ಕು ಆಗುವುದಾದರೆ ಮೇಲಿನ ಟ್ಯಾಂಕಿನಲ್ಲೇ ಆಗಲಿ ಅಂತ ನಿರ್ಧಾರ ಮಾಡಿದೆವು. ನೀರನ್ನು ಎತ್ತರದಿಂದ ಬೀಳಿಸಿ ಗಾಳಿ ತಾಗಿಸುವುದು, ಬ್ಲೀಚಿಂಗ್ ಪೌಡರ್ ಹಾಕುವುದು, ರಾತ್ರಿಯಿಡೀ ಬಿಡುವುದು. ತಳ ಮುಟ್ಟದೆ ಮೇಲಿನ ನೀರನ್ನು ಮರಳಿನ ಫಿಲ್ಟರಿನಿಂದ ಇಳಿಸುವುದು.

ಮೂರನೇ ದಿನ ಒಂದು ಫೋಟೋ ಬಂತು. ಗೋದಾಮಿನ ಮೆಟ್ಟಿಲ ಮೇಲೆ ಬಿಳಿ ಬಕೆಟ್, ತಳದವರೆಗೆ ಕಾಣುವ ನೀರು. ಪಕ್ಕದಲ್ಲಿ ರೈಟರ್ ಕೈಗಡಿಯಾರ ಇಟ್ಟಿದ್ದರು, ಎಷ್ಟು ಹೊತ್ತಾಯಿತು ಅಂತ ನನಗೆ ಗೊತ್ತಾಗಲಿ ಅಂತ.

"ಕ್ಲೋರಿನ್ ಹಾಕಿ ಎರಡು ಗಂಟೆ ಆಯ್ತು. ತುಂಬಲಾ?" ಅಂತ ಅಣ್ಣ ಕೆಳಗೆ ಬರೆದಿದ್ದ.

ಪಿಎಚ್ ಎಷ್ಟು ಅಂತ ಕೇಳಿದೆ.