ಕೋಟೆ ಗೋಡೆಯ ಆ ಕಲ್ಲು ಅಲ್ಲೇ ಇರಬೇಕಾ?

ಕೆ.ಆರ್. ಮಾರ್ಕೆಟ್ ಹತ್ತಿರದ ಬೆಂಗಳೂರು ಕೋಟೆಯ ಗೋಡೆಯಲ್ಲಿ ಒಂದು ಇಂಗ್ಲಿಷ್ ಫಲಕವಿದೆ. ಈ ಕಂಡಿಯಿಂದ ಬ್ರಿಟಿಷರು ದಾಳಿ ಮಾಡಿದರು, ಮಾರ್ಚ್ 21, 1791 ಎಂಬುದು ಅದರ ಅರ್ಥ. ದಾಳಿಯ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸ್. ಹತ್ತು ವರ್ಷ ಹಿಂದೆ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಸೋತು ಶರಣಾಗಿದ್ದನಲ್ಲ, ಅವನೇ. ಈ ಕಲ್ಲನ್ನು ಅಲ್ಲೇ ಬಿಡಬೇಕಾ, ತೆಗೆಯಬೇಕಾ?

ಪರ: ಇರಲಿ ಬಿಡಿ

ಹಡ್ಸನ್ ಸರ್ಕಲ್ ಹತ್ತಿರ ಸೆನೊಟಾಫ್ ಅನ್ನೋ ಒಂದು ಸ್ಮಾರಕ ಕಂಬ ಇತ್ತು. ಟಿಪ್ಪುವಿನ ವಿರುದ್ಧದ ಮೂರನೇ ಮೈಸೂರು ಯುದ್ಧದಲ್ಲಿ ಸತ್ತ ಬ್ರಿಟಿಷ್ ಕಡೆಯವರ ನೆನಪಿಗೆ ನಿಲ್ಲಿಸಿದ್ದು. ಈಗಿನ ನೃಪತುಂಗ ರಸ್ತೆಗೆ ಆಗ ಸೆನೊಟಾಫ್ ರಸ್ತೆ ಅಂತಲೇ ಹೆಸರು. 1964ರಲ್ಲಿ ಆ ಕಂಬವನ್ನು ಕೆಡವಿದರು. ನಮ್ಮನ್ನು ಗೆದ್ದವರ ಕಂಬ ನಮಗ್ಯಾಕೆ ಅನ್ನೋ ಸಿಟ್ಟು. ಸಿಟ್ಟು ಸರಿಯೇ. ಆದರೆ ಹೋಗಿದ್ದು ಏನು?

ಅಲ್ಲೇ ಸಮೀಪದಲ್ಲಿ ಪೇಟೆಯ ಹಲಸೂರು ಬಾಗಿಲು ಇತ್ತು. 1791ರ ಮಾರ್ಚ್ 7ರಂದು ಪೇಟೆ ಹಿಡಿಯಲು ಬಂದ ಕರ್ನಲ್ ಮೂರ್‌ಹೌಸ್ ಗುಂಡೇಟು ತಿಂದು ಸತ್ತದ್ದು ಆ ಬಾಗಿಲಲ್ಲಿ. ಪೇಟೆ ಸುಮ್ನೆ ಕೈಗೆ ಸಿಗಲಿಲ್ಲ, ಕಾದಾಡಿತು ಅನ್ನೋದಕ್ಕೆ ಆ ಕಂಬವೂ ಒಂದು ಸಾಕ್ಷಿಯಾಗಿತ್ತು. ಶತ್ರುವಿನ ಕಂಬ ಅಂತ ಕೆಡವಿದ್ದು ನಮ್ಮವರ ಹೋರಾಟದ ಗುರುತನ್ನೂ ಸೇರಿಸಿ. ಇವತ್ತು ಆ ಸಿಗ್ನಲ್‌ನಲ್ಲಿ ಹತ್ತು ನಿಮಿಷ ನಿಂತರೂ ಅಲ್ಲೊಂದು ಯುದ್ಧ ನಡೆದಿತ್ತು ಅಂತ ಯಾರಿಗೂ ಹೊಳೆಯುವುದಿಲ್ಲ.

ಕೋಟೆಯ ಕತೆಯೂ ಹೆಚ್ಚು ಬೇರೆಯಲ್ಲ. ಕೆಂಪೇಗೌಡರ ಮಣ್ಣಿನ ಕೋಟೆಯನ್ನು ಹೈದರಾಲಿ 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದ. ಆಮೇಲೆ ರಸ್ತೆಗೆ ಅಂತ, ಆಸ್ಪತ್ರೆಗೆ ಅಂತ ಒಡೆಯುತ್ತಾ ಬಂದು, ಉಳಿದದ್ದು ದೆಹಲಿ ಬಾಗಿಲ ಸುತ್ತಲಿನ ತುಣುಕು. ಇಷ್ಟು ದೊಡ್ಡ ಕೋಟೆ ಬಿದ್ದದ್ದು ಹೇಗೆ ಅಂತ ಗೋಡೆಯ ಮುಂದೆಯೇ ನಿಂತು ಹೇಳಬಹುದಾದರೆ, ಅದು ಆ ಕಲ್ಲಿನಿಂದ.

ಇನ್ನೊಂದು ಮಾತು. 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನು ಬಗ್ಗುಬಡಿದದ್ದನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಬರೆಸಿದ್ದಾರೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕರ್ನಲ್ ವೆಲ್ಲೆಸ್ಲಿ ಆ ಮನೆಯಲ್ಲೇ ಇದ್ದ. ತನ್ನವರ ಸೋಲನ್ನು ಗೋಡೆ ತುಂಬಾ ನೋಡಿಕೊಂಡು! ಚಿತ್ರ ಮಾಸಿದಾಗ ಮತ್ತೆ ಬರೆಸಿದ್ದೂ ಗವರ್ನರ್ ಜನರಲ್ ಡಾಲ್‌ಹೌಸಿ, ಅವನೂ ಬ್ರಿಟಿಷನೇ. ಅವರಿಗೆ ಅಷ್ಟು ಗಟ್ಟಿ ಎದೆ ಇದ್ದರೆ, ಒಂದು ಗೇಣು ಕಲ್ಲಿಗೆ ನಾವು ಯಾಕೆ ಮುಖ ಕಿವುಚಬೇಕು?

ವಿರೋಧ: ಮ್ಯೂಸಿಯಂಗೆ ಕಳಿಸಿ

ದರಿಯಾ ದೌಲತ್ ಮಾತು ಬಂತಲ್ಲ, ಆ ಚಿತ್ರವನ್ನು ಇನ್ನೊಮ್ಮೆ ನೋಡಿ. ಸೋತ ಕರ್ನಲ್ ಬೇಯ್ಲಿ ಅದರಲ್ಲಿದ್ದಾನೆ. ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಳ್ಳುತ್ತಿದ್ದಾನೆ. ಗೆದ್ದವರು ಬರೆಸಿದ ಚಿತ್ರದಲ್ಲಿ ಸೋತವನಿಗೂ ಒಂದು ಮುಖ ಸಿಕ್ಕಿದೆ. ಈ ಕಲ್ಲಿನಲ್ಲಿ ಯಾರಿದ್ದಾರೆ?

ಯಾರೂ ಇಲ್ಲ. ದಾಳಿ 'ಡೆಲಿವರ್ಡ್' ಆಯಿತು ಅಂತ ಬರೆದಿದೆ, ಕೊರಿಯರ್ ಬಂದ ಹಾಗೆ. ಪಕ್ಕದ ವಾಣಿವಿಲಾಸ ಹೆರಿಗೆ ಆಸ್ಪತ್ರೆಗೆ ಬರುವವರು ಓದಿದರೆ ಬೇರೆಯೇ ಅರ್ಥ ಮಾಡಿಕೊಂಡಾರು.

ಅವತ್ತು ರಾತ್ರಿ ಬೆಳದಿಂಗಳಿತ್ತು. ಫಿರಂಗಿ ಏಟಿಗೆ ಗೋಡೆಯಲ್ಲಿ ಬಿದ್ದಿದ್ದ ಕಂಡಿಯಿಂದ ಸೈನಿಕರು ನುಗ್ಗಿದರು. ಕೋಟೆಯ ಮುಖ್ಯಸ್ಥ, ಕಿಲ್ಲೇದಾರ ಬಹಾದ್ದೂರ್ ಖಾನ್ ಕಾದಾಡುತ್ತಲೇ ಸತ್ತ. ವಯಸ್ಸಾದ ಮನುಷ್ಯ. ಶತ್ರುಗಳೂ ಅವನನ್ನು ಹೊಗಳಿ ಬರೆದರು. ಅವನ ಜೊತೆ ನೂರಾರು ಜನ ಹೋದರು. ಇದರಲ್ಲಿ ಒಂದಕ್ಷರವೂ ಆ ಕಲ್ಲಿನಲ್ಲಿಲ್ಲ. ಅದು ಹೇಳೋದು ತೂತಿನ ವಿಳಾಸ ಮಾತ್ರ. ಸೋಲನ್ನು ಬರೆದರು ಅಂತ ನನಗೆ ಬೇಜಾರಿಲ್ಲ. ಸತ್ತವರನ್ನು ಬಿಟ್ಟು ಬರೆದರು, ಅದಕ್ಕೆ ಬೇಜಾರು.

ನಮ್ಮ ಕಡೆ ಯುದ್ಧಕ್ಕೆ ಕಲ್ಲು ಹಾಕಿಸುವ ಪದ್ಧತಿ ಹೊಸದಲ್ಲ. ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋಗಿ ನೋಡಿ. ಅಲ್ಲಿನ ಸುಮಾರು 1100 ವರ್ಷದ ವೀರಗಲ್ಲಿನಲ್ಲಿ ಬೆಂಗಳೂರಿನ ಹೆಸರು ಇರುವುದೇ ಒಂದು ಕಾಳಗದ ನೆಪದಲ್ಲಿ. 'ಬೆಂಗಳೂರ ಕಾಳಗ'. ಅದರಲ್ಲಿ ಸತ್ತವರು ಯಾರು ಅಂತ ಬರೆದಿದೆ. ಗೆದ್ದವರು ಯಾರು ಅಂತ ಹುಡುಕಬೇಕು. ಇಂಥ ಊರಿನ ಕೋಟೆಗೆ ಹೆಸರಿಲ್ಲದ ಕಲ್ಲು ಅಂಟಿಕೊಂಡಿದೆ, ಅದೂ ಇಂಗ್ಲಿಷಿನಲ್ಲಿ.

ಒಡೆದುಹಾಕಿ ಅಂತ ನಾನು ಹೇಳುತ್ತಿಲ್ಲ. 1964ರ ಕೆಲಸ ನನಗೂ ಹಿಡಿಸಿಲ್ಲ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಕೈಯಲ್ಲಿದೆ, ಅವರೇ ಹುಷಾರಾಗಿ ಬಿಡಿಸಲಿ. ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಇಡಲಿ. ಬೇಗೂರಿನದೇ ಇನ್ನೊಂದು ವೀರಗಲ್ಲು ಅಲ್ಲಿದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ನೋಡುವವರಿಗೆ ತಾನಾಗೇ ತಿಳಿಯುತ್ತದೆ.

ಗೋಡೆಯಲ್ಲಿ ಖಾಲಿಯಾದ ಜಾಗಕ್ಕೆ ಕನ್ನಡದಲ್ಲಿ ಮೂರು ಸಾಲು ಸಾಕು. ಅದೇ ತಾರೀಕು, ಕಂಡಿ ಬಿದ್ದದ್ದು ಇಲ್ಲೇ ಅನ್ನೋ ಮಾತು, ಕಿಲ್ಲೇದಾರನ ಹೆಸರು. ಕಾರ್ನ್‌ವಾಲಿಸನ ಹೆಸರನ್ನೂ ಬೇಕಾದರೆ ಸೇರಿಸಿ, ನನ್ನ ತಕರಾರಿಲ್ಲ.